ಬಿಡುಗಡೆಯಾದವರ ಮೇಲಿನ ಕಾವಲು: ‘ಮೈನಾರಿಟಿ ರಿಪೋರ್ಟ್’ ಚಿತ್ರವೂ ಅದರ ವಿಮರ್ಶಕರೂ

ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಮೈನಾರಿಟಿ ರಿಪೋರ್ಟ್’ ಎಂಬ ಚಲನಚಿತ್ರವು 2002ರ ಜೂನ್ 21ರಂದು ಅಮೆರಿಕದಲ್ಲಿ ತೆರೆಕಂಡಿತು. ಭವಿಷ್ಯಕಾಲದಲ್ಲಿ ನಡೆಯುವ ಒಂದು ಪತ್ತೇದಾರಿ ಕಥೆಯನ್ನು ಕುರಿತು ದೈವಶಾಸ್ತ್ರದ ಪತ್ರಿಕೆಯಲ್ಲಿ ಬರೆಯುವುದೇಕೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಉತ್ತರ ಇಷ್ಟು: ಈ ಚಿತ್ರವು ಬಂದಂದಿನಿಂದ ದೇವರ ಪೂರ್ವಜ್ಞಾನ, ಮನುಷ್ಯನ ಇಚ್ಛಾಸ್ವಾತಂತ್ರ್ಯ ಎಂಬ ಪಾಠಗಳಿಗೆ ಸಿದ್ಧ ಉದಾಹರಣೆಯಾಗಿ ಬೋಧಕರ ಕೈಗೆ ಸಿಕ್ಕಿದೆ, ವಿಮರ್ಶಕರೂ ಪ್ರೇಕ್ಷಕರೂ ಅದನ್ನು ಬಹುಮಟ್ಟಿಗೆ ಅದೇ ಪ್ರಶ್ನೆಯ ಮೂಲಕ ಓದಿದ್ದಾರೆ. ಆ ಓದು ತಪ್ಪಲ್ಲ. ಆದರೆ ಚಿತ್ರದ ಕೊನೆಯಲ್ಲಿ ಬರುವ ಒಂದು ವಾಕ್ಯವನ್ನು ಅದು ದಾಟಿಹೋಗಿದೆಯೆಂದೂ, ಸಭೆಯು ನಿಂತು ಕೇಳಬೇಕಾದ ವಾಕ್ಯ ಅದೇ ಎಂದೂ ನಮಗೆ ತೋರುತ್ತದೆ.

ಕಥೆ ನಡೆಯುವುದು 2054ರ ವಾಷಿಂಗ್ಟನ್ ನಗರದಲ್ಲಿ. ಅಲ್ಲಿ ಆರು ವರ್ಷಗಳಿಂದ ಕೊಲೆಗಳೇ ನಡೆಯುತ್ತಿಲ್ಲ. ಮುಂದಾಗಲಿರುವ ಕೊಲೆಗಳನ್ನು ಕಾಣಬಲ್ಲ ಮೂವರನ್ನು ಒಂದು ನೀರಿನ ಕೊಳದಲ್ಲಿ ಅರೆನಿದ್ರೆಯಲ್ಲಿ ಮಲಗಿಸಲಾಗಿದೆ. ಅವರು ಕಂಡದ್ದನ್ನು ಯಂತ್ರಗಳು ಚಿತ್ರಗಳಾಗಿ ಹಿಡಿಯುತ್ತವೆ. ಕೊಲೆಗಾರನ ಹೆಸರನ್ನು ಹೊತ್ತ ಮರದ ಚೆಂಡೊಂದು ಉರುಳಿ ಬರುತ್ತದೆ. ‘ಪ್ರೀಕ್ರೈಮ್’ ಎಂಬ ವಿಭಾಗದ ಪೊಲೀಸರು ಕೃತ್ಯಕ್ಕೆ ಮುಂಚೆಯೇ ಹೋಗಿ ಆತನನ್ನು ಬಂಧಿಸುತ್ತಾರೆ. ವಿಚಾರಣೆಯಿಲ್ಲ. ಪರದೆಯ ಮೇಲೆ ಕಾಣಿಸಿಕೊಂಡ ನ್ಯಾಯಾಧೀಶರು ಒಪ್ಪಿಗೆ ನೀಡಿದರೆ ಸಾಕು. ಬಂಧಿತನ ತಲೆಗೆ ಒಂದು ಬಳೆ ತೊಡಿಸಿ ಆತನನ್ನು ಅನಂತಕಾಲದ ನಿದ್ರೆಗೆ ಕಳುಹಿಸುತ್ತಾರೆ. ಈ ಬಳೆಗೆ ಚಿತ್ರದಲ್ಲಿರುವ ಹೆಸರು ಸಂತರ ತಲೆಯ ಸುತ್ತಲಿನ ಪ್ರಭಾವಳಿಯ ಹೆಸರೇ. ವಿಭಾಗದ ಮುಖ್ಯಸ್ಥ ಜಾನ್ ಆಂಡರ್ಟನ್ ತನ್ನ ಮಗನನ್ನು ಕಳೆದುಕೊಂಡ ದುಃಖದಿಂದಲೇ ಈ ವ್ಯವಸ್ಥೆಯನ್ನು ನಂಬಿದವನು. ಒಂದು ದಿನ ಚೆಂಡಿನ ಮೇಲೆ ಆತನ ಹೆಸರೇ ಬರುತ್ತದೆ: ಮೂವತ್ತಾರು ಗಂಟೆಗಳೊಳಗೆ ತಾನು ಕಂಡೇ ಇರದ ಲಿಯೋ ಕ್ರೋ ಎಂಬವನನ್ನು ಆತನು ಕೊಲ್ಲುವನು.

ಮೂಲಕಥೆ ಫಿಲಿಪ್ ಕೆ. ಡಿಕ್ ಅವರದು, 1956ರಲ್ಲಿ ಪ್ರಕಟವಾದದ್ದು. ಅದನ್ನು ಓದಿದವರಿಗೆ ಚಿತ್ರವು ಎಷ್ಟು ದೂರ ಸರಿದಿದೆಯೆಂಬುದು ತಿಳಿದಿದೆ. ಕಥೆಯಲ್ಲಿ ಮೂರು ವರದಿಗಳೂ ಬೇರೆ ಬೇರೆ. ಮೊದಲನೆಯದು ಆಂಡರ್ಟನ್ ಕೊಲ್ಲುವನೆನ್ನುತ್ತದೆ. ಎರಡನೆಯದು, ಆ ವರದಿಯನ್ನು ಅರಿತ ಕಾರಣ ಆತನು ಕೊಲ್ಲನೆನ್ನುತ್ತದೆ. ಮೂರನೆಯದು, ಎರಡನೆಯದನ್ನೂ ಅರಿತ ಕಾರಣ ಪುನಃ ಕೊಲ್ಲುವನೆನ್ನುತ್ತದೆ. ಬಹುಮತವೆಂಬುದೇ ಅಲ್ಲಿ ಭ್ರಮೆ. ಕೊನೆಗೆ ಆತನು ವ್ಯವಸ್ಥೆಯನ್ನು ಉಳಿಸುವ ಸಲುವಾಗಿ ತಿಳಿದೂ ತಿಳಿದೂ ಕೊಲೆ ಮಾಡುತ್ತಾನೆ. ಸ್ಪೀಲ್‌ಬರ್ಗ್‌ರ ಆಂಡರ್ಟನ್ ಕೊಲ್ಲುವುದಿಲ್ಲ. ಬಂದೂಕು ಹಿಡಿದ ಕೈಯಿಂದಲೇ ಎದುರಿಗಿದ್ದವನಿಗೆ ಕಾನೂನಿನ ಹಕ್ಕುಗಳನ್ನು ಓದಿಹೇಳುತ್ತಾನೆ. ಡಿಕ್ ಅವರ ಅಭಿಮಾನಿಗಳು ಈ ಬದಲಾವಣೆಯನ್ನು ಮೃದುತನವೆಂದರು. ನಾವು ಇದನ್ನು ಮೃದುತನವೆನ್ನಲಾರೆವು. ಮಗನನ್ನು ಕೊಂದವನೆಂದು ತಾನು ನಂಬಿರುವ ಮನುಷ್ಯನ ಮುಂದೆ ನಿಂತು ಹಕ್ಕುಗಳನ್ನು ಓದುವ ತಂದೆಯ ಕಂಠವು ಆ ಚಿತ್ರದಲ್ಲಿರುವ ಅತ್ಯಂತ ಕಠಿಣವಾದ ಸಂಗತಿ.

ಚಿತ್ರಕ್ಕೆ ದೊರೆತ ಸ್ವಾಗತ ಉದಾರವಾಗಿಯೇ ಇತ್ತು. ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ನಕ್ಷತ್ರಗಳನ್ನಿತ್ತು, ವರ್ಷಾಂತ್ಯದಲ್ಲಿ 2002ರ ಶ್ರೇಷ್ಠ ಚಿತ್ರವೆಂದು ಅದನ್ನೇ ಆರಿಸಿದರು. ಮೊದಲ ವಾರಾಂತ್ಯದಲ್ಲಿ ಅದೇ ದಿನ ಬಿಡುಗಡೆಯಾದ ಮಕ್ಕಳ ಚಿತ್ರ ‘ಲಿಲೋ ಅಂಡ್ ಸ್ಟಿಚ್’ಗಿಂತ ಕೂದಲೆಳೆಯಷ್ಟೇ ಮುಂದಿದ್ದರೂ, ಕಡೆಗೆ ಜಗತ್ತಿನಾದ್ಯಂತ ಸುಮಾರು 35.8 ಕೋಟಿ ಡಾಲರ್ ಗಳಿಸಿತು. ಆಸ್ಕರ್ ಪ್ರಶಸ್ತಿಗೆ ಬಂದ ನಾಮನಿರ್ದೇಶನ ಮಾತ್ರ ಒಂದೇ. ಅದೂ ಧ್ವನಿ ಸಂಕಲನಕ್ಕೆ.

ಪ್ರೇಕ್ಷಕರು ಮೆಚ್ಚಿದ್ದು ಏನನ್ನು ಎಂಬುದು ಬೇರೆ ಮಾತು. 1999ರಲ್ಲಿಯೇ ಸ್ಪೀಲ್‌ಬರ್ಗ್ ವಿಜ್ಞಾನಿಗಳನ್ನೂ ನಗರ ಯೋಜಕರನ್ನೂ ಒಟ್ಟುಗೂಡಿಸಿ ಐವತ್ತು ವರ್ಷಗಳ ಮುಂದಿನ ಲೋಕ ಹೇಗಿದ್ದೀತೆಂದು ಚರ್ಚಿಸಿದ್ದರು. ಅದರ ಫಲವಾಗಿ ಬಂದವು ಗಾಳಿಯಲ್ಲಿ ಕೈಯಾಡಿಸಿ ಚಿತ್ರಗಳನ್ನು ಸರಿಸುವ ಪರದೆಗಳು, ಗೋಡೆಯೇರುವ ವಾಹನಗಳು, ದಾರಿಹೋಕರ ಕಣ್ಣನ್ನು ಗುರುತಿಸಿ ಹೆಸರು ಹಿಡಿದು ಕರೆಯುವ ಜಾಹೀರಾತುಗಳು. ಭಯಪಡಲೆಂದು ತೋರಿಸಿದ ಲೋಕವನ್ನು ಜನರು ಬಯಸತೊಡಗಿದರು. ಆ ಕೈಯಾಡಿಸುವ ಪರದೆಯನ್ನು ನಿಜವಾಗಿ ಕಟ್ಟುವ ಪ್ರಯತ್ನಗಳನ್ನು ಕುರಿತು ಬಂದ ಬರಹಗಳಿಗೆ ಲೆಕ್ಕವಿಲ್ಲ. ಆ ಪರದೆಯ ಮೇಲೆ ಆಂಡರ್ಟನ್ ಹುಡುಕುತ್ತಿದ್ದದ್ದು ಇನ್ನೂ ಏನನ್ನೂ ಮಾಡಿರದ ಮನುಷ್ಯನ ಮನೆಯ ಬಾಗಿಲನ್ನು ಎಂಬುದನ್ನು ಅವುಗಳಲ್ಲಿ ಹೆಚ್ಚಿನವು ನೆನೆಯಲಿಲ್ಲ. ಎಚ್ಚರಿಕೆಯ ಮಾತನ್ನು ಕೇಳಿ ಅದರೊಳಗಿನ ಉಪಮೆಗಳನ್ನಷ್ಟೇ ಮನೆಗೊಯ್ಯುವ ಶ್ರೋತೃಗಳನ್ನು ಸಭಾಪಾಲಕರೆಲ್ಲರೂ ಬಲ್ಲರು.

ದೂರುಗಳಲ್ಲಿ ಮುಖ್ಯವಾದದ್ದು ಅಂತ್ಯವನ್ನು ಕುರಿತದ್ದು. ಆಂಡರ್ಟನ್ ಬಂಧಿತನಾಗಿ ಬಳೆ ತೊಟ್ಟು ನಿದ್ರೆಗಿಳಿದಲ್ಲಿ ಚಿತ್ರ ಮುಗಿಯಬೇಕಿತ್ತೆಂದು ಹಲವರು ಹೇಳಿದರು. ಅದರ ಬಳಿಕ ಬರುವ ಇಪ್ಪತ್ತು ನಿಮಿಷಗಳಲ್ಲಿ ಹೆಂಡತಿ ಆತನನ್ನು ಬಿಡಿಸುತ್ತಾಳೆ; ಪ್ರೀಕ್ರೈಮಿನ ಸ್ಥಾಪಕ ಬರ್ಜೆಸ್‌ನೇ ಹಳೆಯ ಕೊಲೆಗಾರನೆಂದು ಬಯಲಾಗುತ್ತದೆ; ವಿಭಾಗ ಮುಚ್ಚುತ್ತದೆ; ಆ ಮೂವರು ದೂರದ ಮನೆಯೊಂದರಲ್ಲಿ ಪುಸ್ತಕ ಓದುತ್ತ ನೆಮ್ಮದಿಯಾಗಿರುತ್ತಾರೆ; ದಂಪತಿಗಳಿಗೆ ಮತ್ತೆ ಮಗುವಾಗಲಿದೆ. ಹಿಂದಿನ ವರ್ಷದ ‘ಎ. ಐ.’ ಚಿತ್ರಕ್ಕೂ ಇದೇ ಆಕ್ಷೇಪ ಬಂದಿತ್ತು: ಈ ನಿರ್ದೇಶಕರಿಗೆ ಕತ್ತಲೆಯಲ್ಲಿ ನಿಲ್ಲುವ ಧೈರ್ಯವಿಲ್ಲ. ಪ್ರೇಕ್ಷಕರಲ್ಲಿ ಕೆಲವರು ಒಂದು ಹೆಜ್ಜೆ ಮುಂದೆ ಹೋದರು. ಸೆರೆಮನೆಯ ಕಾವಲುಗಾರನು, ಈ ನಿದ್ರೆಯಲ್ಲಿ ಮನುಷ್ಯನ ಕನಸುಗಳೆಲ್ಲ ನನಸಾಗುತ್ತವೆಯಂತೆ ಎಂಬರ್ಥದ ಮಾತನ್ನು ಆಡುತ್ತಾನಲ್ಲವೆ? ಹಾಗಾದರೆ ಮುಂದಿನದೆಲ್ಲ ಆಂಡರ್ಟನ್ ಕಂಡ ಕನಸೇ ಎಂದು ಅವರು ವಾದಿಸಿದರು. ಟೆರಿ ಗಿಲಿಯಂ ಅವರ ‘ಬ್ರೆಜಿಲ್’ ಚಿತ್ರದ ಅಂತ್ಯವನ್ನು ಬಲ್ಲವರಿಗೆ ಈ ವಾದ ರುಚಿಸುತ್ತದೆ.

ನಮಗೆ ರುಚಿಸುವುದಿಲ್ಲ. ಒಳ್ಳೆಯದೇನಾದರೂ ನಡೆದರೆ ಅದು ಕನಸಾಗಿರಲೇಬೇಕೆಂಬ ಹಟದಲ್ಲಿ ಬುದ್ಧಿವಂತಿಕೆಗಿಂತ ದಣಿವು ಹೆಚ್ಚಾಗಿದೆ. ಶಿಷ್ಯರು ಸ್ತ್ರೀಯರ ಮಾತನ್ನು ಹರಟೆಯೆಂದೆಣಿಸಿದ ಆ ಪುನರುತ್ಥಾನದ ಮುಂಜಾನೆಯಿಂದಲೂ ಇಂಥ ದಣಿವನ್ನು ಸಭೆ ಕಂಡಿದೆ. ಆದರೆ ವಿಮರ್ಶಕರ ದೂರಿನಲ್ಲಿ ಒಂದಂಶ ನಿಜ. ಬರ್ಜೆಸ್‌ನ ವೈಯಕ್ತಿಕ ಪಾಪವನ್ನು ಬಯಲಿಗೆಳೆದು ಚಿತ್ರವು ವ್ಯವಸ್ಥೆಯ ಪಾಪವನ್ನು ಬಿಟ್ಟುಬಿಡುತ್ತದೆ. ಬರ್ಜೆಸ್ ಶುದ್ಧಹಸ್ತನಾಗಿದ್ದರೆ ಪ್ರೀಕ್ರೈಮ್ ಸರಿಯಾಗಿರುತ್ತಿತ್ತೆ? ಚಿತ್ರ ಉತ್ತರಿಸುವುದಿಲ್ಲ. ಚಿತ್ರದ ಮೊದಲ ದೃಶ್ಯದಲ್ಲಿ ಹೌವರ್ಡ್ ಮಾರ್ಕ್ಸ್ ಎಂಬ ಸಾಧಾರಣ ಮನುಷ್ಯ ಕತ್ತರಿ ಹಿಡಿದು ಹೆಂಡತಿಯ ಮಂಚದ ಬಳಿ ನಿಂತಿರುತ್ತಾನೆ. ತಾನೇನೂ ಮಾಡುತ್ತಿರಲಿಲ್ಲವೆಂದು ಕೂಗುತ್ತಿರುವಾಗಲೇ ಆತನ ತಲೆಗೆ ಬಳೆ ಬೀಳುತ್ತದೆ. ಆತನು ಮರಳಿ ಬಂದ ದಿನ ಆ ಮನೆಯಲ್ಲಿ ಏನಾಯಿತು? ಅಂತ್ಯವು ಸುಖಕರವೆಂದು ದೂರಿದವರು ಈ ಪ್ರಶ್ನೆಯನ್ನು ಕೇಳಿದ್ದರೆ ಅವರ ದೂರು ಇನ್ನೂ ಬಲವಾಗುತ್ತಿತ್ತು.

ಇನ್ನು ಪೂರ್ವಜ್ಞಾನದ ಚರ್ಚೆ. ಮುಂದಾಗುವುದನ್ನು ಒಬ್ಬರು ತಪ್ಪಿಲ್ಲದೆ ಬಲ್ಲರಾದರೆ ಮಾಡುವವನಿಗೆ ಸ್ವಾತಂತ್ರ್ಯವೆಲ್ಲಿ ಎಂಬ ಪ್ರಶ್ನೆಗೆ ಸಭೆಯ ಬೋಧಕರು ಕೊಟ್ಟ ಉತ್ತರಗಳು ಹಳೆಯವು. ನಮ್ಮ ನೆನಪು ಹಿಂದಿನದನ್ನು ಬಲವಂತಪಡಿಸದಂತೆ ದೇವರ ಜ್ಞಾನವು ಮುಂದಿನದನ್ನು ಬಲವಂತಪಡಿಸದೆಂದು ಅಗಸ್ಟಿನ್ ಹೇಳಿದನು. ದೇವರಿಗೆ ಮುಂದಿನದೆಂಬುದೇ ಇಲ್ಲ, ಎಲ್ಲವೂ ವರ್ತಮಾನವೆಂದು ಬೊಯೆಥಿಯಸ್ ವಾದಿಸಿದನು. ಎರಾಸ್ಮಸನಿಗೆ 1525ರಲ್ಲಿ ಕೊಟ್ಟ ಉತ್ತರದಲ್ಲಿ ಲೂಥರನು ಯೂದನ ಉದಾಹರಣೆಯನ್ನೇ ಎತ್ತಿಕೊಂಡು, ಆತನು ದ್ರೋಹವೆಸಗುವುದು ನಿಶ್ಚಿತವಾಗಿತ್ತು, ಆದರೆ ಬಲಾತ್ಕಾರದಿಂದಲ್ಲ, ಮನಃಪೂರ್ವಕವಾಗಿಯೇ ಎಸಗಿದನೆಂದನು. ಕ್ಯಾಲ್ವಿನನು ಇನ್ನೂ ಮುಂದೆ ಹೋಗಿ, ದೇವರು ಮುಂಗಾಣುವುದು ತಾನು ನಿಶ್ಚಯಿಸಿರುವುದರಿಂದಲೇ ಎಂದು ಬೋಧಿಸಿದನು. ಚಿತ್ರವನ್ನು ತೋರಿಸಿ ಈ ನಾಲ್ವರನ್ನು ಪಾಠ ಮಾಡುವುದು ಸುಲಭ; ನಾವೂ ಮಾಡಿದ್ದೇವೆ. ಆದರೆ ಹಾಗೆ ಮಾಡುವಾಗ ನಾವು ಕೊಳದಲ್ಲಿ ಮಲಗಿರುವ ಮೂವರನ್ನು ದೇವರ ಸ್ಥಾನದಲ್ಲಿರಿಸಿಬಿಡುತ್ತೇವೆ. ಚಿತ್ರ ಹಾಗೆ ಮಾಡುವುದಿಲ್ಲ.

ಆ ಕೊಳವಿರುವ ಕೋಣೆಯನ್ನು ಚಿತ್ರದ ಪೊಲೀಸರು ದೇವಾಲಯವೆಂದು ಕರೆಯುತ್ತಾರೆ. ತನಿಖೆಗೆಂದು ಬಂದ ವಿಟ್‌ವರ್ ಎಂಬ ಅಧಿಕಾರಿ ಪೊಲೀಸನಾಗುವ ಮೊದಲು ಮೂರು ವರ್ಷ ಸೆಮಿನರಿಯಲ್ಲಿ ಓದಿದವನು. ದೈವವಾಣಿ ನುಡಿಯುವವರಲ್ಲಿ ಅಧಿಕಾರವಿರುವುದಿಲ್ಲ, ಅದನ್ನು ಅರ್ಥಹೇಳುವ ಅರ್ಚಕರಲ್ಲಿರುತ್ತದೆ ಎಂಬ ಮಾತನ್ನು ಚಿತ್ರದಲ್ಲಿ ಹೇಳುವವನು ಆತನೇ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬನಿರಬಹುದಾದ ಈ ಪಾತ್ರವನ್ನು ವಿಮರ್ಶಕರು ಕಾಲಿನ್ ಫ್ಯಾರೆಲ್ ಅವರ ನಟನೆಗಾಗಿ ಹೊಗಳಿದರೇ ಹೊರತು ಆತನ ಮಾತಿಗಾಗಿ ಅಷ್ಟಾಗಿ ಅಲ್ಲ. ಸರ್ವಜ್ಞತ್ವವು ಅಲ್ಲಿ ಯಾರಿಗೂ ಇಲ್ಲ. ಇರುವುದು ಮೂವರ ನೋವು, ಅದನ್ನು ಸಂಪಾದಿಸಿ ತೀರ್ಪಾಗಿ ಮಾರ್ಪಡಿಸುವ ಒಂದು ಕಚೇರಿ, ಮತ್ತು ಭಿನ್ನವಾದ ವರದಿ ಬಂದಾಗ ಅದನ್ನು ಮರೆಮಾಡುವ ಪದ್ಧತಿ.

ಬೈಬಲಿನಲ್ಲಿ ಬರ್ಜೆಸ್‌ನ ಜೊತೆಗಾರ ಯಾರೆಂದರೆ ಯೋನನೆಂದು ನಾವು ಹೇಳುವೆವು. ನಿನೆವೆ ನಾಶವಾಗುವುದೆಂದು ಸಾರಿದ ಪ್ರವಾದಿ, ನಾಶವಾಗದಿದ್ದಾಗ ಸಿಟ್ಟಾಗಿ ಊರ ಹೊರಗೆ ಕುಳಿತನು. ತನ್ನ ಮಾತು ಸುಳ್ಳಾಗುವುದಕ್ಕಾಗಿಯೇ ತಾನು ಕಳುಹಿಸಲ್ಪಟ್ಟೆನೆಂಬುದು ಆತನಿಗೆ ಹಿಡಿಸಲಿಲ್ಲ. ಪ್ರವಾದನೆಯು ಮಾನಸಾಂತರಕ್ಕೆ ಕರೆಯುತ್ತದೆ. ಪ್ರೀಕ್ರೈಮಿಗೆ ಮಾನಸಾಂತರದ ಅಗತ್ಯವೇ ಇಲ್ಲ, ಅಂಕಿಯ ಅಗತ್ಯ ಮಾತ್ರ ಇದೆ. ಕಡೆಯ ದೃಶ್ಯದಲ್ಲಿ ಬರ್ಜೆಸ್‌ನ ಮುಂದಿರುವ ಆಯ್ಕೆಯೂ ಅದೇ: ಆಂಡರ್ಟನ್‌ನನ್ನು ಕೊಂದರೆ ತನ್ನ ವ್ಯವಸ್ಥೆ ನಿಜವಾಗುತ್ತದೆ, ಕೊಲ್ಲದಿದ್ದರೆ ಸುಳ್ಳಾಗುತ್ತದೆ. ಆ ಪಾತ್ರವನ್ನು ಮಾಡಿದ ಮ್ಯಾಕ್ಸ್ ಫಾನ್ ಸಿಡೋ 1965ರ ಹಾಲಿವುಡ್ ಚಿತ್ರವೊಂದರಲ್ಲಿ ಯೇಸುಸ್ವಾಮಿಯ ಪಾತ್ರ ವಹಿಸಿದ್ದವರೆಂಬುದನ್ನು ಹಿರಿಯ ಪ್ರೇಕ್ಷಕರು ಮರೆತಿರಲಾರರು.

ಯೇಸುಸ್ವಾಮಿಯ ವಿಷಯ ಬಂದದ್ದರಿಂದ ಹೇಳುತ್ತೇವೆ. ಸುವಾರ್ತೆಗಳಲ್ಲಿ ಮುಂಗಾಣುವಾತನು ಒಬ್ಬನಿದ್ದಾನೆ. ತನ್ನನ್ನು ಹಿಡಿದುಕೊಡುವವನು ಯಾರೆಂದು ಆತನು ಬಲ್ಲನು. ಬಲ್ಲವನಾಗಿದ್ದೂ ಮಾಡಿದ್ದೇನು? ಆ ಕಾಲುಗಳನ್ನು ತೊಳೆದನು, ಒಂದೇ ಬಟ್ಟಲಿನಲ್ಲಿ ಕೈ ಅದ್ದಿದನು, ರೊಟ್ಟಿಯ ತುಂಡನ್ನು ಕೊಟ್ಟನು. ಪೇತ್ರನು ತನ್ನನ್ನು ಅಲ್ಲಗಳೆಯುವನೆಂದು ಮುಂದಾಗಿ ಹೇಳುವಾಗಲೇ, ನೀನು ತಿರುಗಿಕೊಂಡ ಮೇಲೆ ಸಹೋದರರನ್ನು ಬಲಪಡಿಸಬೇಕೆಂಬ ಕೆಲಸವನ್ನೂ ಆತನಿಗೆ ವಹಿಸಿಬಿಟ್ಟನು. ಪೂರ್ವಜ್ಞಾನವು ಸ್ವಾತಂತ್ರ್ಯವನ್ನು ಉಳಿಸುತ್ತದೆಯೇ ಎಂದು ವಿಮರ್ಶಕರೂ ಬೋಧಕರೂ ಕೇಳಿದರು. ಬಲ್ಲವನು ತಾನು ಬಲ್ಲದ್ದರಿಂದ ಏನು ಮಾಡುತ್ತಾನೆಂಬ ಪ್ರಶ್ನೆಯನ್ನು ಅದಕ್ಕೆ ಮುಂಚೆ ಕೇಳಬೇಕಿತ್ತು. ಗೋದಿಯ ನಡುವೆ ಬೆಳೆದ ಹಣಜಿಯನ್ನು ಕಿತ್ತುಹಾಕೋಣವೇ ಎಂದು ಕೇಳಿದ ಆಳುಗಳು ದುಷ್ಟರಲ್ಲ, ಆತುರದವರು. ಅವರಿಗೆ ಸಿಕ್ಕ ಉತ್ತರವನ್ನು ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿ ವಾಚಕರು ಬಲ್ಲರು.

ಚಿತ್ರ ತೆರೆಕಂಡ ಕಾಲವೂ ಅದರ ಸ್ವಾಗತವನ್ನು ರೂಪಿಸಿತು. ಚಿತ್ರೀಕರಣವು 2001ರ ಜುಲೈಯಲ್ಲಿಯೇ ಮುಗಿದಿತ್ತು. ಸೆಪ್ಟೆಂಬರಿನ ದಾಳಿಗಳು ಇನ್ನೂ ನಡೆದಿರಲಿಲ್ಲ. ಆದರೆ ಜನರು ಅದನ್ನು ನೋಡಿದ್ದು ಅಮೆರಿಕದ ಅಧ್ಯಕ್ಷರು 2002ರ ಜೂನ್ 1ರಂದು ವೆಸ್ಟ್ ಪಾಯಿಂಟಿನಲ್ಲಿ, ಅಪಾಯವು ರೂಪುಗೊಳ್ಳುವ ಮುನ್ನವೇ ಎರಗಬೇಕೆಂಬ ನೀತಿಯನ್ನು ಸಾರಿದ ಮೂರು ವಾರಗಳ ಮೇಲೆ. ಅಲ್ಲಿನ ವಿಮರ್ಶಕರು ಈ ನಂಟನ್ನು ಗುರುತಿಸಿದರು. ಅದು ಅವರ ಹಿರಿಮೆ. ಭಾರತದಲ್ಲಿಯೂ ಅದೇ ವರ್ಷದ ಮಾರ್ಚಿನಲ್ಲಿ ಸಂಸತ್ತಿನ ಜಂಟಿ ಅಧಿವೇಶನವು ಪೋಟಾ ಕಾಯ್ದೆಯನ್ನು ಅಂಗೀಕರಿಸಿತ್ತು. ಆದರೆ ಮುಂಜಾಗ್ರತಾ ಬಂಧನ ನಮಗೆ ಭವಿಷ್ಯದ ಕಥೆಯೇನೂ ಅಲ್ಲ. ಮೂಲಭೂತ ಹಕ್ಕುಗಳ ಅಧ್ಯಾಯದೊಳಗೇ, 22ನೆಯ ವಿಧಿಯಲ್ಲಿ, ಅದಕ್ಕೆ ಸ್ಥಳವಿದೆ. ಗೂಂಡಾ ಕಾಯ್ದೆಯೆಂದು ಜನರು ಕರೆಯುವ ಕರ್ನಾಟಕದ 1985ರ ಕಾಯ್ದೆಯ ಪ್ರಕಾರ, ಮಾಡಿದ್ದಕ್ಕೆ ಶಿಕ್ಷೆಯಾಗಿ ಅಲ್ಲ, ಮಾಡಬಹುದಾದದ್ದನ್ನು ತಡೆಯುವ ಸಲುವಾಗಿ ಒಬ್ಬನನ್ನು ಹನ್ನೆರಡು ತಿಂಗಳವರೆಗೆ ಬಂಧನದಲ್ಲಿಡಬಹುದು. ಆ ಕಾಯ್ದೆಯ ಪಟ್ಟಿಗೆ ಮುಂದೆ ಚಲನಚಿತ್ರಗಳ ಕಳ್ಳಪ್ರತಿ ಮಾಡುವವರನ್ನೂ ಸೇರಿಸಲಾಯಿತು. ಈ ಚಿತ್ರದ ಕಳ್ಳಪ್ರತಿ ಮಾರುವವನಿಗೆ ಇದಕ್ಕಿಂತ ತಕ್ಕ ಕಾಯ್ದೆ ದೊರೆಯಲಾರದು.

ಈಗ ಆ ವಾಕ್ಯ. ಚಿತ್ರ ಮುಗಿಯುವಾಗ ಆಂಡರ್ಟನ್‌ನ ಕಂಠ ಹೇಳುವುದರ ಸಾರಾಂಶ ಹೀಗಿದೆ: 2054ರಲ್ಲಿ ಪ್ರೀಕ್ರೈಮಿನ ಪ್ರಯೋಗವನ್ನು ಕೈಬಿಡಲಾಯಿತು; ಬಂಧಿತರೆಲ್ಲರಿಗೂ ಯಾವ ಷರತ್ತೂ ಇಲ್ಲದೆ ಕ್ಷಮೆ ದೊರೆತು ಬಿಡುಗಡೆಯಾಯಿತು; ಆದರೂ ಅವರಲ್ಲಿ ಅನೇಕರ ಮೇಲೆ ಪೊಲೀಸರು ವರ್ಷಗಟ್ಟಲೆ ಕಣ್ಣಿಟ್ಟಿದ್ದರು. ಅಂತ್ಯವು ಸುಖಕರವಾಯಿತೆಂದು ದೂರಿದ ವಿಮರ್ಶೆಗಳನ್ನು ನಾವು ಹಲವು ಓದಿದ್ದೇವೆ. ಈ ‘ಆದರೂ’ ಎಂಬುದರ ಮುಂದೆ ನಿಂತದ್ದನ್ನು ಕಾಣೆವು. ಷರತ್ತಿಲ್ಲದ ಕ್ಷಮೆ, ಅದರ ಬೆನ್ನಿಗೇ ಕಾವಲು! ಇದನ್ನು ಸ್ಪೀಲ್‌ಬರ್ಗ್ ವ್ಯಂಗ್ಯವಾಗಿ ಇಟ್ಟರೋ, ವಾಸ್ತವಿಕತೆಗಾಗಿ ಸೇರಿಸಿದರೋ ಹೇಳಲಾಗದು. ಕರ್ನಾಟಕದ ಪ್ರೇಕ್ಷಕನಿಗೆ ಮಾತ್ರ ಅದು ಚರಿತ್ರೆ.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯು ಇಡೀ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಲು ಅವಕಾಶ ಕೊಟ್ಟಿತು. 1911ರಲ್ಲಿ ಅದು ಮುಂಬಯಿ, ಮದರಾಸು ಪ್ರಾಂತಗಳಿಗೂ ಹಬ್ಬಿತು. ಮುಂಗಾಣುವ ಮೂವರ ಅಗತ್ಯ ಅದಕ್ಕಿರಲಿಲ್ಲ. ತಂದೆಯ ಹೆಸರು ಸಾಕಾಗಿತ್ತು. ಹೆಸರು ನೋಂದಾಯಿತರಾದವರು ಪೊಲೀಸರಿಗೆ ಹಾಜರಿ ಕೊಡಬೇಕು. ಸೆಟ್ಲ್‌ಮೆಂಟಿನಲ್ಲಿ ಇರಿಸಲ್ಪಟ್ಟವರು ಪಾಸ್ ಇಲ್ಲದೆ ಹೊರಗೆ ಹೋಗಬಾರದು. ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಅಂಥ ಸೆಟ್ಲ್‌ಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಆ ಹೆಸರು ಬಡಾವಣೆಯ ಹೆಸರಾಗಿ ಇಂದಿಗೂ ಉಳಿದಿದೆ. ಹರಣಶಿಕಾರಿ, ಗಂಟಿಚೋರ್, ಛಪ್ಪರಬಂದ್ ಜನರು ಈ ಕಾಯ್ದೆಯ ಕೆಳಗೆ ಬಂದರು. ಗಂಟಿಚೋರ್ ಎಂಬಲ್ಲಿ ಹೆಸರಿನೊಳಗೇ ಆರೋಪವಿದೆ. ಈ ಚರಿತ್ರೆಯನ್ನು ನಾವು ಸರ್ಕಾರದ ಮೇಲೆ ಹೊರಿಸಿ ಕೈತೊಳೆಯಲಾಗದು. 1908ರಿಂದ ಸಾಲ್ವೇಶನ್ ಆರ್ಮಿಯು ಉತ್ತರ ಭಾರತದಲ್ಲಿಯೂ, ಅನಂತರ ಆಂಧ್ರದ ಸ್ಟುವರ್ಟ್‌ಪುರದಲ್ಲಿಯೂ ಇಂಥ ನೆಲೆಗಳನ್ನು ಸರ್ಕಾರದ ಪರವಾಗಿ ನಡೆಸಿತು. ಅಲ್ಲಿ ಶಾಲೆಯಿತ್ತು, ಕಸುಬಿನ ತರಬೇತಿಯಿತ್ತು, ಸುವಾರ್ತೆಯಿತ್ತು, ಹಾಜರಿಯೂ ಇತ್ತು. ಆ ಮಿಷನರಿಗಳಲ್ಲಿ ನಿಜವಾದ ಪ್ರೀತಿಯುಳ್ಳವರಿದ್ದರೆಂಬುದನ್ನು ನಾವು ಸಂದೇಹಿಸುವುದಿಲ್ಲ. ಚಿತ್ರದ ಸೆರೆಮನೆಯ ಕಾವಲುಗಾರನೂ ಕ್ರೂರಿಯಲ್ಲ. ಗಿದ್ಯೋನನೆಂಬ ಬೈಬಲಿನ ಹೆಸರುಳ್ಳ ಆತನು ಬಂಧಿತರ ಶಾಂತಿಗಾಗಿ ಆರ್ಗನ್ ನುಡಿಸುತ್ತಾನೆ.

1952ರಲ್ಲಿ ಆ ಕಾಯ್ದೆ ರದ್ದಾಯಿತು. ಆ ಜನರು ವಿಮುಕ್ತರೆನಿಸಿಕೊಂಡರು. ಆದರೂ—ಇಲ್ಲಿಯೂ ಅದೇ ಪದ—ರೂಢಿಗತ ಅಪರಾಧಿಗಳ ಕಾಯ್ದೆಗಳು ರಾಜ್ಯರಾಜ್ಯಗಳಲ್ಲಿ ಬಂದವು, ಕರ್ನಾಟಕದ್ದು 1961ರದು. ಕಾಗದದ ಮೇಲೆ ಅವು ವ್ಯಕ್ತಿಯನ್ನು ನೋಡುತ್ತವೆ, ಜನಾಂಗವನ್ನಲ್ಲ. ಕಳವಾದ ರಾತ್ರಿ ಪೊಲೀಸರು ಮೊದಲು ಯಾವ ಕೇರಿಗೆ ಬರುತ್ತಾರೆಂಬುದು ಆ ಕೇರಿಯವರಿಗೆ ಗೊತ್ತು.

ಈ ಚಿತ್ರವನ್ನು ನಾವು ವಿದ್ಯಾರ್ಥಿಗಳೊಡನೆ ನೋಡಿದಾಗ ಚರ್ಚೆಯು ಎಂದಿನಂತೆ ಅಗಸ್ಟಿನ್, ಕ್ಯಾಲ್ವಿನರ ಸುತ್ತಲೇ ಸುತ್ತಿತು. ಅಂತ್ಯ ಕನಸೇ ನಿಜವೇ ಎಂದು ಇಬ್ಬರು ಬಹಳ ಹೊತ್ತು ವಾದಿಸಿದರು. ಅಜ್ಜ ಸೆಟ್ಲ್‌ಮೆಂಟಿನ ತಂತಿಬೇಲಿಯೊಳಗೆ ಬೆಳೆದವರೆಂದು ಹಿಂದೊಮ್ಮೆ ಹೇಳಿದ್ದ ವಿದ್ಯಾರ್ಥಿಯೊಬ್ಬರು ಕೊನೆಯವರೆಗೂ ಸುಮ್ಮನಿದ್ದು, ಕನಸಾಗಿದ್ದರೆ ಆ ಕಡೆಯ ವಾಕ್ಯ ಇರುತ್ತಿರಲಿಲ್ಲ ಸರ್ ಎಂದರು. ಕನಸು ಕಾಣುವವನು ತನ್ನ ಕನಸಿನೊಳಕ್ಕೆ ಪೊಲೀಸರನ್ನು ಕರೆಯುವುದಿಲ್ಲ ಎಂದು ಅವರ ವಾದ. ಇಪ್ಪತ್ತು ವರ್ಷಗಳ ಚರ್ಚೆಯಲ್ಲಿ ಆ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಓದಿಲ್ಲ.

ಕೃಪೆಯಿಂದ ನೀತಿವಂತನೆಂದು ನಿರ್ಣಯಿಸಲ್ಪಟ್ಟವನ ಮೇಲೆ ಸಭೆಯು ಕಣ್ಣಿಡಬಹುದೇ? ಸಿದ್ಧಾಂತದಲ್ಲಿ ಉತ್ತರ ಸುಲಭ. ನಮ್ಮ ಸಭೆಗಳಲ್ಲಿ ಹೊಸದಾಗಿ ದೀಕ್ಷಾಸ್ನಾನ ಹೊಂದಿದವರ ಕೈಗೆ ಕಾಣಿಕೆಚೀಲ ಕೊಡಲು ಎಷ್ಟು ವರ್ಷ ಕಾಯುತ್ತೇವೆ, ಸೆರೆಮನೆಯಿಂದ ಬಂದವನು ಕರ್ತನ ಮೇಜಿಗೆ ಬಂದಾಗ ಪಕ್ಕದವರು ಎಷ್ಟು ಸರಿದು ಮೊಣಕಾಲೂರುತ್ತಾರೆ ಎಂಬುದನ್ನು ಬಲ್ಲವರಿಗೆ ಅಷ್ಟು ಸುಲಭವಲ್ಲ. ಮುನ್ನೆಚ್ಚರಿಕೆ ಬೇಡವೆಂದು ನಾವು ಹೇಳುತ್ತಿಲ್ಲ. ಮಕ್ಕಳ ರಕ್ಷಣೆಯ ವಿಷಯದಲ್ಲಿ ಸಭೆಯು ಕಾವಲನ್ನು ಕಡೆಗಣಿಸಿ ಮಾಡಿದ ಪಾಪವೂ ಸಣ್ಣದಲ್ಲ. ಆದರೆ ಒಬ್ಬನ ಕೃತ್ಯವನ್ನು ಕಾಯುವುದು ಬೇರೆ, ಆತನ ಕುಲವನ್ನು ಕಾಯುವುದು ಬೇರೆ.

ಸೌಲನು ಯೆರೂಸಲೇಮಿಗೆ ಬಂದು ಶಿಷ್ಯರೊಡನೆ ಸೇರಿಕೊಳ್ಳಲು ಯತ್ನಿಸಿದಾಗ ಅವರೆಲ್ಲರೂ ಆತನಿಗೆ ಹೆದರಿದರೆಂದು ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಅವರ ಭಯ ಆಧಾರವಿಲ್ಲದ್ದಲ್ಲ; ಸ್ತೆಫನನ ರಕ್ತ ಇನ್ನೂ ಹಳೆಯದಾಗಿರಲಿಲ್ಲ. ಬಾರ್ನಬನು ಮಾತ್ರ ಆತನನ್ನು ಕರೆದುಕೊಂಡು ಅಪೊಸ್ತಲರ ಬಳಿಗೆ ಹೋದನು. ಮಿಕ್ಕವರು ಸೌಲನ ಮೇಲೆ ಎಷ್ಟು ಕಾಲ ಕಣ್ಣಿಟ್ಟಿದ್ದರೆಂಬುದನ್ನು ಲೂಕನು ಬರೆದಿಲ್ಲ.